ಪಂಜರ ಗಟ್ಟಿ ಇದೆ, ಕನ್ನಡಿ ತೆಗೆದು ಹಾಕಿ

ಮೊದಲೇ ಹೇಳಿಬಿಡುತ್ತೇನೆ. ಪಂಜರ ತಗೊಳ್ಳಿ. ಅದರ ಜೊತೆ ಕೊಡುವ ಸಾಮಾನಿನಲ್ಲಿ ಮುಕ್ಕಾಲು ಪಾಲು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಹುಬ್ಬಳ್ಳಿಯ ಹಳೆ ಪೇಟೆಯಲ್ಲಿ ಮೀನು, ಹಕ್ಕಿ, ನಾಯಿ ಬಿಸ್ಕೀಟು ಎಲ್ಲಾ ಒಂದೇ ಕಡೆ ಮಾರುವ ಸಣ್ಣ ಅಂಗಡಿ ಇದೆ. ಅಲ್ಲಿ ಈ ಪಂಜರವನ್ನು ಸಾಮಾನಿನ ಸಮೇತ ‘ಕಾಕಟೀಲ್ ಫುಲ್ ಸೆಟ್’ ಅಂತ ಕೊಡುತ್ತಾರೆ. ಕಾಕಟೀಲ್ ಅಂದರೆ ಗಿಣಿಯ ಬಳಗದ, ಜುಟ್ಟಿರುವ ಸಣ್ಣ ಹಕ್ಕಿ. ಬಿಳಿ ತಂತಿ ಪಂಜರ, ಎರಡು ಪ್ಲಾಸ್ಟಿಕ್ ಕೋಲು, ಎರಡು ಬಟ್ಟಲು, ಉಯ್ಯಾಲೆ, ಗಂಟೆ, ಕನ್ನಡಿ, ಕೋಲಿಗೆ ತೊಡಿಸುವ ಉಸುಕಿನ ಕಾಗದ, ಸ್ನಾನದ ಡಬ್ಬಿ, ಕಪ್ಪು ಹೊದಿಕೆ, ಒಂದು ಕೆಜಿ ಕಾಳು. ಎಲ್ಲಾ ಸೇರಿ 3,400 ರೂಪಾಯಿ. ಚಕ್ರದ ಸ್ಟ್ಯಾಂಡ್ ಬೇಕೆಂದರೆ ಮತ್ತೆ 900. ಹಕ್ಕಿಯ ದುಡ್ಡು ಬೇರೆ.

ನಾನು ಧಾರವಾಡದ ಮಾಳಮಡ್ಡಿಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಮುಂದಿನ ಕೋಣೆಯಲ್ಲಿ ಎರಡು ಮಷಿನ್, ಒಂದು ಕಟಿಂಗ್ ಟೇಬಲ್, ಗಿರಾಕಿಗಳು ಹಾಕಿ ನೋಡಲು ಒಂದು ನಿಲುವುಗನ್ನಡಿ. ಪಂಜರವೂ ಅಲ್ಲೇ. ಒಳಗಿರುವವನು ಬೂದು ಬಣ್ಣದ ಗಂಡು. ಹಳದಿ ಮುಖ, ಕೆನ್ನೆಗೆ ಕಿತ್ತಳೆ ಬೊಟ್ಟು, ನೆತ್ತಿಗೆ ಜುಟ್ಟು. ಹೆಸರು ಸಾಹೇಬ. ಇಟ್ಟವರು ನಮ್ಮ ಅತ್ತೆ. “ಕೆಲಸ ಏನೂ ಇಲ್ಲ, ಎಲ್ಲಾರ ಮ್ಯಾಲೂ ಸಿಟ್ಟು. ಯಾವುದೋ ಆಫೀಸಿನ ಸಾಹೇಬ್ರ ಇರಬೇಕು” ಅಂದಿದ್ದರು ಮೊದಲ ದಿನ. ಹೆಸರು ನಿಂತಿತು. ಅವರು ಈಗಲೂ ಬಹುವಚನದಲ್ಲೇ ಮಾತಾಡಿಸುತ್ತಾರೆ.

ಅಂಗಡಿಯವನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಮರಿ ಗಂಡೋ ಹೆಣ್ಣೋ ಅಂತ ಕೇಳಿದಾಗ ಸುಳ್ಳು ಹೇಳಲಿಲ್ಲ. “ಈಗ ಹೇಳಾಕ ಬರಂಗಿಲ್ರೀ ಅಕ್ಕಾರ. ಮೊದಲನೇ ಸಲ ಪುಕ್ಕ ಉದುರಿ ಮಾರಿ ಹಳದಿ ಆತಂದ್ರ ಗಂಡು. ಬಾಲದ ತಳಗ ಪಟ್ಟಿ ಉಳದೂ ಅಂದ್ರ ಹೆಣ್ಣು” ಅಂದ. ಅದು ನಿಜ. ಬೂದು ಬಣ್ಣದ ಮರಿಗಳಲ್ಲಿ ಆರರಿಂದ ಒಂಬತ್ತು ತಿಂಗಳೊಳಗೆ ಇದು ಗೊತ್ತಾಗುತ್ತದೆ. ಇನ್ನೊಂದು ಪ್ರಶ್ನೆಗೂ ಸರಿಯಾಗೇ ಉತ್ತರ ಕೊಟ್ಟ. ನಮ್ಮ ಊರಿನ ಹಸಿರು ಗಿಣಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಕಾಕಟೀಲ್‌ಗೆ ಆ ಭಯ ಇಲ್ಲ. ಇದು ಆಸ್ಟ್ರೇಲಿಯಾದ ಹಕ್ಕಿ, ಆದರೆ ಇಲ್ಲಿ ಮಾರುವ ಮರಿಗಳು ಇಲ್ಲೇ ಪಂಜರದಲ್ಲಿ ಹುಟ್ಟಿದವು. “ಮಾತಾಡ್ತದೇನು?” ಅಂದಾಗ ಮಾತ್ರ ಸ್ವಲ್ಪ ವ್ಯಾಪಾರ ಮಾಡಿದ. “ಕಲಿಸಿದ್ರ ಭಾಷಣಾನೂ ಮಾಡ್ತದ್ರೀ” ಅಂದ. ಗಂಡು ಕಾಕಟೀಲ್ ನಾಲ್ಕು ಮಾತು ಕಲಿತರೆ ಹೆಚ್ಚು. ಅದರ ಕಸುಬು ಸೀಟಿ ಹೊಡೆಯುವುದು.

ಈಗ ಪಂಜರ. ಟೇಪ್ ಯಾವಾಗಲೂ ನನ್ನ ಕೊರಳಲ್ಲೇ ಇರುತ್ತದೆ, ಅಳೆಯದೆ ನಾನು ಏನನ್ನೂ ತಗೊಳ್ಳುವುದಿಲ್ಲ. ಅಗಲ ಎರಡು ಅಡಿ, ಆಳ ಒಂದೂವರೆ, ಎತ್ತರ ಎರಡೂವರೆ. ಒಂದೇ ಹಕ್ಕಿಗೆ ಇದು ಸಾಕು. ಇದಕ್ಕಿಂತ ಚಿಕ್ಕದು ಬೇಡ. ಕೊಕ್ಕಿನಿಂದ ಬಾಲದ ತುದಿವರೆಗೆ ಕಾಕಟೀಲ್ ಒಂದು ಅಡಿಗಿಂತ ತುಸು ಜಾಸ್ತಿ, ಅದರಲ್ಲಿ ಅರ್ಧ ಬಾಲವೇ. ತೂಕ ನೋಡಿದರೆ ನೂರು ಗ್ರಾಂ ಆಸುಪಾಸು. ತೂಕ ನೋಡಿ ಪಂಜರ ತಂದರೆ ಬಾಲ ತಂತಿಗೆ ಉಜ್ಜಿ ಹರಿಯುತ್ತದೆ. ತಂತಿಗಳ ನಡುವೆ ಅರ್ಧ ಇಂಚು ಸಂದು. ಮುಕ್ಕಾಲು ಇಂಚಿಗಿಂತ ಜಾಸ್ತಿ ಇದ್ದರೆ ತಲೆ ತೂರಿಸಿ ಸಿಕ್ಕಿಕೊಳ್ಳುತ್ತವೆ.

ಎರಡು ಬದಿಯ ತಂತಿಗಳು ಅಡ್ಡಡ್ಡ ಇವೆ. ಇದನ್ನು ಗಮನಿಸಿ. ಈ ಹಕ್ಕಿ ಪಂಜರದಲ್ಲಿ ಹಾರುವುದಕ್ಕಿಂತ ಹತ್ತುವುದೇ ಹೆಚ್ಚು. ಕೊಕ್ಕನ್ನು ಮೂರನೇ ಕಾಲು ಮಾಡಿಕೊಂಡು ಏರುತ್ತದೆ. ಉದ್ದುದ್ದ ತಂತಿ ಮಾತ್ರ ಇದ್ದರೆ ಜಾರಿ ಜಾರಿ ಕೆಳಗೆ ಬರುತ್ತದೆ. ಗುಂಡನೆಯ ಗುಮ್ಮಟದ ಪಂಜರಗಳೂ ಆ ಅಂಗಡಿಯಲ್ಲಿ ನೇತಾಡುತ್ತಿದ್ದವು. ನೋಡಲು ಚೆಂದ. ಆದರೆ ಅದರಲ್ಲಿ ಹಕ್ಕಿಗೆ ಒಂದು ಮೂಲೆ ಇಲ್ಲ. ಹೆದರಿದಾಗ ಬೆನ್ನು ಕೊಟ್ಟು ಕೂರಲು ಮೂಲೆ ಬೇಕು.

ಬಣ್ಣದ ಮೇಲೆ ಉಗುರು ಎಳೆದು ನೋಡಿದೆ, ಏಳಲಿಲ್ಲ. ಅಗ್ಗದ ಪಂಜರಗಳಲ್ಲಿ ತಂತಿಗೆ ಸತುವಿನ ಲೇಪ ಇರುತ್ತದೆ. ಇವು ದಿನವಿಡೀ ತಂತಿ ಕಚ್ಚುವ ಜಾತಿ. ಸತು ಆಗಲಿ ಸೀಸ ಆಗಲಿ ಹೊಟ್ಟೆಗೆ ಹೋದರೆ ವಿಷ. ತೊಳೆದು ಒರೆಸಿ ಇಷ್ಟು ದಿನವಾದರೂ ಒಂದು ಕಡೆ ತುಕ್ಕಿಲ್ಲ. ತಳದ ತಟ್ಟೆ ಮುಂದಿನಿಂದ ಎಳೆಯಬಹುದು. ಹಳೇ ಪೇಪರ್ ಹಾಸಿ ದಿನಾ ಬದಲಿಸುತ್ತೇನೆ. ಕಾಲು ತಾಸಿಗೊಮ್ಮೆ ಹಿಕ್ಕೆ ಹಾಕುವ ಪ್ರಾಣಿಗೆ ಇದು ದೊಡ್ಡ ಅನುಕೂಲ.

ಬಾಗಿಲು ಮಾತ್ರ ಸರಿಯಿಲ್ಲ. ಮೇಲಕ್ಕೆ ಎತ್ತಿ ಬಿಟ್ಟರೆ ತಾನೇ ಕೆಳಗೆ ಬೀಳುವ ಜಾರು ಬಾಗಿಲು. ಸಾಹೇಬ ಅದನ್ನು ಕೊಕ್ಕಿನಲ್ಲಿ ಎತ್ತುವುದು ಒಂದೇ ವಾರದಲ್ಲಿ ಕಲಿತ. ಎತ್ತಿ, ಕೊರಳು ತೂರಿಸಿ, ಬೆನ್ನ ಮೇಲೆ ಬಾಗಿಲು ಹೊತ್ತು ಹೊರಗೆ ಬರುತ್ತಾನೆ. ಬಟ್ಟೆ ಒಣಹಾಕುವ ಕ್ಲಿಪ್ ಹಾಕಿದೆ. ಕಿತ್ತು ಎಸೆದ. ಎಸೆದು, ಅದು ನೆಲಕ್ಕೆ ಬಿದ್ದು ಪುಟಿಯುವುದನ್ನು ತಲೆ ವಾರೆ ಮಾಡಿ ನೋಡಿದ. ಕೊನೆಗೆ ಹಾರ್ಡ್‌ವೇರ್ ಅಂಗಡಿಯಿಂದ ನಾಯಿ ಸರಪಳಿಯ ಕೊಂಡಿ ತಂದು ಸಿಕ್ಕಿಸಿದೆ. ಈಗ ಅದನ್ನೂ ಬೆಳಿಗ್ಗೆ ಒಂದಿಷ್ಟು ಹೊತ್ತು ಪರೀಕ್ಷೆ ಮಾಡುತ್ತಾನೆ. ನಿಮ್ಮ ಮನೆಯಲ್ಲಿ ಫ್ಯಾನ್, ಗ್ಯಾಸ್, ಬೆಕ್ಕು ಇದ್ದರೆ ಕೊಂಡಿ ಇಲ್ಲದೆ ಈ ಪಂಜರ ಬಳಸಬೇಡಿ. ಇಷ್ಟು ಗಟ್ಟಿ ತಂತಿ ಹಾಕುವವರು ಒಂದು ಚಿಲಕ ಹಾಕಿದ್ದರೆ ಎಷ್ಟು ಖರ್ಚಾಗುತ್ತಿತ್ತು?

ವಸ್ತು ಕೆಳಗೆ ಬೀಳಿಸಿ ನೋಡುವುದು ಇವನೊಬ್ಬನ ಚಟ ಅಲ್ಲ, ಈ ಹಕ್ಕಿಗಳ ಚಟವೇ ಅದು. ನನ್ನ ಟೇಬಲ್ ಮೇಲೆ ಬಾಬಿನ್, ಹುಕ್ಕು, ಗುಂಡಿ, ಗುರುತು ಹಾಕುವ ಚಾಕ್‌ಪೀಸ್ ಏನೇ ಇರಲಿ, ಅಂಚಿನವರೆಗೆ ಕೊಕ್ಕಿನಲ್ಲಿ ನೂಕಿಕೊಂಡು ಹೋಗುತ್ತಾನೆ. ಟಣ್ ಅಂದರೆ ಖುಷಿ. ಸದ್ದಾಗದ ವಸ್ತು ಬೇಡ, ರಬ್ಬರ್ ಟೇಪನ್ನು ಒಮ್ಮೆ ಬೀಳಿಸಿ ಮತ್ತೆ ಮುಟ್ಟಿಲ್ಲ. ಆಟಿಕೆ ಅಂತ ನೂರಿನ್ನೂರು ಕೊಡುವ ಬದಲು ಸ್ಟೀಲ್ ತಟ್ಟೆಯ ಮೇಲೆ ನಾಲ್ಕು ಖಾಲಿ ದಾರದ ರೀಲು ಇಟ್ಟರೆ ಒಂದು ತಾಸು ನಿಮ್ಮದು.

ಕನ್ನಡಿಗೆ ಬರೋಣ. ಅಂಗೈಯಗಲದ, ಗುಲಾಬಿ ಪ್ಲಾಸ್ಟಿಕ್ ಚೌಕಟ್ಟಿನ ಕನ್ನಡಿ. ಮೊದಲು ಜುಟ್ಟು ಸೆಟೆದು ನಿಂತಿತು. ಆಮೇಲೆ ಅರ್ಧಕ್ಕೆ ಇಳಿಯಿತು. ಈ ಹಕ್ಕಿಯ ಮನಸ್ಸು ತಿಳಿಯಲು ಜುಟ್ಟು ನೋಡಿದರೆ ಸಾಕು. ನೆಟ್ಟಗೆ ನಿಂತರೆ ಬೆರಗು ಇಲ್ಲವೇ ಭಯ. ಅರೆಬರೆ ಹಿಂದಕ್ಕೆ ವಾಲಿದ್ದರೆ ಸಮಾಧಾನ. ತಲೆಗೆ ಅಂಟಿಕೊಂಡಿದ್ದು ಬಾಯಲ್ಲಿ ಬುಸ್ ಅಂದರೆ ಕೈ ಹಿಂದೆ ತಗೊಳ್ಳಿ. ಕನ್ನಡಿ ಬಂದ ಮೇಲೆ ನನಗೆ ಮೂರನೆಯದೇ ಕಾಣತೊಡಗಿತು. ಇಡೀ ದಿನ ಕನ್ನಡಿ ಮುಂದೆ ಸೀಟಿ. ತಿಂದ ಕಾಳನ್ನು ಕಕ್ಕಿ ಒಳಗಿನವನಿಗೆ ಉಣಿಸುವುದು. ಕನ್ನಡಿಯ ತುಂಬ ಅಂಟು. ನೀರು ಬದಲಿಸಲು ಕೈ ಹಾಕಿದರೆ ಕಚ್ಚುವುದು. ಇದು ಗಂಡು ಕಾಕಟೀಲ್‌ಗಳಲ್ಲಿ ಮಾಮೂಲು. ಒಳಗಿರುವುದು ತನ್ನದೇ ರೂಪ ಅಂತ ಅದಕ್ಕೆ ತಿಳಿಯದು, ಜೋಡಿ ಅಂದುಕೊಳ್ಳುತ್ತದೆ. ಜೋಡಿಯನ್ನು ಕಾಯುತ್ತದೆ. ಹಕ್ಕಿಗೆ ಬೇಸರ ಆಗದಿರಲಿ ಅಂತ ಕನ್ನಡಿ ಕೊಡುತ್ತೇವೆ ಅಂತ ಅಂಗಡಿಯವನು ಹೇಳಿದ್ದ. ನಮ್ಮಲ್ಲಿ ಹಕ್ಕಿಗೆ ಬೇಸರ ಹೋಯಿತು, ನಮಗೆ ಹಕ್ಕಿಯೇ ಹೋಯಿತು.

ಕನ್ನಡಿ ತೆಗೆದೆ. ಅವನು ಸುಮ್ನೆ ಕೂರಲಿಲ್ಲ. ನಿಲುವುಗನ್ನಡಿಯ ಬುಡಕ್ಕೆ ಹೋದ. ಅದಕ್ಕೆ ಬಟ್ಟೆ ಇಳಿಬಿಟ್ಟೆ. ಸ್ಟೀಲ್ ಡಬ್ಬಿ ಹುಡುಕಿದ, ದೊಡ್ಡ ಕತ್ತರಿಯ ಅಲಗು ಹುಡುಕಿದ, ಗಿರಾಕಿಗಳ ಮೊಬೈಲಿನ ಕಪ್ಪು ಪರದೆಗೆ ಹಾಡು ಹೇಳಿದ. ಅಳತೆ ಕೊಡಲು ಬಂದ ಒಬ್ಬ ಕಾಲೇಜು ಹುಡುಗಿ ಅದನ್ನು ವಿಡಿಯೋ ಮಾಡಲು ಮೊಬೈಲ್ ಆನ್ ಮಾಡಿದಳು. ಪರದೆ ಬೆಳಗಿದ ಕೂಡಲೇ ಒಳಗಿನ ಗೆಳೆಯ ಮಾಯ. ಸಾಹೇಬ ಅವಳ ಹೆಬ್ಬೆರಳು ಕಚ್ಚಿದ.

ಗಂಟೆ ಪರವಾಗಿಲ್ಲ, ಆದರೆ ತಯಾರಿಸಿದವರು ಅಂದುಕೊಂಡ ಕೆಲಸಕ್ಕಲ್ಲ. ಬಾರಿಸುವುದಿಲ್ಲ. ಟೋಪಿ ಹಾಕಿಕೊಂಡಂತೆ ತಲೆಯನ್ನು ಅದರೊಳಗೆ ತೂರಿಸಿ, ಕಣ್ಣು ಮುಚ್ಚಿ, ಒಳಗೇ ಸಣ್ಣ ದನಿಯಲ್ಲಿ ಗುನುಗುತ್ತಾನೆ. ತನ್ನ ದನಿ ತನಗೇ ದೊಡ್ಡದಾಗಿ ಕೇಳುತ್ತದಲ್ಲ, ಅದಕ್ಕೆ ಇರಬೇಕು. ಸ್ಟೀಲ್ ಲೋಟ, ಚಹಾದ ಕಪ್ಪು, ಬಾಬಿನ್ ಡಬ್ಬಿ ಎಲ್ಲದರಲ್ಲೂ ಇದೇ ಕಛೇರಿ. ಸೆಟ್ಟಿನ ಗಂಟೆಯ ಹೊಳಪು ಕೆಲವೇ ದಿನಗಳಲ್ಲಿ ಏಳತೊಡಗಿತು. ಅದನ್ನು ತೆಗೆದು ಸಣ್ಣ ಸ್ಟೀಲ್ ಬಟ್ಟಲು ಬೋರಲು ಕಟ್ಟಿದ್ದೇನೆ. ಗಾಯನ ಮುಂದುವರಿದಿದೆ.

ಪ್ಲಾಸ್ಟಿಕ್ ಕೋಲು ಬೇಡವೇ ಬೇಡ. ತುದಿಯಿಂದ ತುದಿಗೆ ಒಂದೇ ದಪ್ಪ, ಮೇಲೆ ನುಣುಪು. ಹಕ್ಕಿ ದಿನದ ಇಪ್ಪತ್ನಾಲ್ಕು ತಾಸೂ ನಿಂತೇ ಇರುವ ಪ್ರಾಣಿ, ಮಲಗುವುದೂ ನಿಂತೇ. ಒಂದೇ ಜಾಗಕ್ಕೆ ಭಾರ ಬಿದ್ದರೆ ಅಂಗಾಲಿನಲ್ಲಿ ಹುಣ್ಣಾಗುತ್ತದೆ. ಉಸುಕಿನ ಕಾಗದದ ತೊಡಿಕೆ ಇನ್ನೂ ಕೆಟ್ಟದ್ದು. ಉಗುರು ಸವೆಯಲಿ ಅಂತ ಕೊಡುತ್ತಾರಂತೆ. ಉಗುರಿನ ತುದಿ ಕೋಲಿಗೆ ತಾಗುವುದೇ ಇಲ್ಲ, ತಾಗುವುದು ಅಂಗಾಲು. ಅದನ್ನು ನಾನು ಕತ್ತರಿ ಹರಿತ ಮಾಡಲು ಇಟ್ಟುಕೊಂಡಿದ್ದೇನೆ.

ಧಾರವಾಡದವರಿಗೆ ಪೇರಲ ಕೊಂಬೆ ಸಿಗುವುದೇನು ಕಷ್ಟ? ಹಿತ್ತಲಿನಲ್ಲಿ ಇಲ್ಲದಿದ್ದರೆ ಪಕ್ಕದ ಹಿತ್ತಲಿನಲ್ಲಿದೆ. ಔಷಧ ಹೊಡೆಯದ ಗಿಡದ್ದು ಆಗಬೇಕು ಅಷ್ಟೇ. ಬೆರಳಿನಷ್ಟು ದಪ್ಪದಿಂದ ಹೆಬ್ಬೆರಳಿನಷ್ಟು ದಪ್ಪದವರೆಗೆ ಎರಡು ಕೊಂಬೆ ಕಡಿದು, ತೊಳೆದು, ಬಿಸಿಲಿಗೆ ಒಣಗಿಸಿ ಕಟ್ಟಿದೆ. ಸಾಹೇಬ ಮೊದಲು ಹೊಸ ವಸ್ತು ಅಂತ ಪಂಜರದ ಆ ತುದಿಗೆ ಓಡಿದ. ಇವಕ್ಕೆ ಹೊಸದೆಲ್ಲಾ ಹಾವೇ. ಎರಡನೇ ದಿನ ಹತ್ತಿರ ಬಂದ. ಮೂರನೇ ದಿನದಿಂದ ತೊಗಟೆ ಸುಲಿಯುವ ಕಾಮಗಾರಿ ಶುರುವಾಯಿತು. ಈಗ ರಾತ್ರಿ ಮಲಗುವ ಮುಂಚೆ ಅದೇ ಕೊಂಬೆಯ ಮೇಲೆ ಒಂದು ಕಾಲು ಮಡಚಿ, ಪುಕ್ಕ ಉಬ್ಬಿಸಿ, ಮೇಲಿನ ಕೊಕ್ಕಿಗೆ ಕೆಳಗಿನದನ್ನು ಕರಕರ ಉಜ್ಜುತ್ತಾನೆ. ರಾತ್ರಿ ಉಳಿದ ನೆಂಟರು ಇಲಿ ಇದೆ ಅಂತ ಎದ್ದು ಕೂತದ್ದುಂಟು. ಅದು ರೋಗವಲ್ಲ, ನೆಮ್ಮದಿಯ ಸದ್ದು. ನಿದ್ದೆ ಬರುವಾಗ ಎಲ್ಲಾ ಕಾಕಟೀಲ್‌ಗಳೂ ಮಾಡುತ್ತವೆ.

ಉಯ್ಯಾಲೆ ಪಾಸು. ಸೆಟ್ಟಿನ ಆಟಿಕೆಗಳಲ್ಲಿ ಇದೊಂದೇ. ಅದು ಎಲ್ಲಕ್ಕಿಂತ ಮೇಲಿದೆ, ಇವನಿಗೆ ಮೇಲೇ ಕೂರಬೇಕು. ಗಿರಾಕಿ ಬಂದರೆ ಅಲ್ಲಿಂದಲೇ ವಿಚಾರಣೆ.

ಕಾಳಿನ ವಿಷಯಕ್ಕೆ ನನಗೆ ಸ್ವಲ್ಪ ಸಿಟ್ಟೇ ಇದೆ. ಸೆಟ್ಟಿನ ಒಂದು ಕೆಜಿ ಕಾಳಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸೂರ್ಯಕಾಂತಿ. ಇವನು ಬಟ್ಟಲಿಗೆ ಇಳಿದು ಸೂರ್ಯಕಾಂತಿ ಮಾತ್ರ ಆರಿಸಿ, ಉಳಿದದ್ದನ್ನು ಕೊಕ್ಕಿನಿಂದ ಎಡಕ್ಕೂ ಬಲಕ್ಕೂ ತೂರುತ್ತಿದ್ದ. ಅದರಲ್ಲಿ ಎಣ್ಣೆ ಜಾಸ್ತಿ, ಪಂಜರದ ಹಕ್ಕಿಗೆ ಕೊಬ್ಬು ಕಟ್ಟುತ್ತದೆ. ಉಳಿದದ್ದೇನು ಅಂತ ಕೈಯಲ್ಲಿ ಹಿಡಿದು ನೋಡಿದರೆ ನವಣೆ, ಸಜ್ಜೆ, ಕುಸುಬಿ! ನಮ್ಮ ಸೀಮೆಯ ಬೆಳೆಗಳೇ ಬಣ್ಣದ ಪಾಕೀಟಿನಲ್ಲಿ ಹಕ್ಕಿಯ ಚಿತ್ರ ಹೊತ್ತು ಎರಡರಷ್ಟು ಬೆಲೆಗೆ ಬಂದಿವೆ. ಈಗ ಕಿರಾಣಿ ಅಂಗಡಿಯಿಂದಲೇ ನವಣೆ, ಸಜ್ಜೆ ತರುತ್ತೇನೆ. ಕುಸುಬಿ, ಸೂರ್ಯಕಾಂತಿ ಒಂದು ಚಿಟಿಕೆ, ಬೆರಳ ಮೇಲೆ ಬಂದು ಕೂತಾಗ ಕೊಡುವ ಲಂಚ.

ಬಟ್ಟಲಿನ ಬಗ್ಗೆ ಒಂದು ಎಚ್ಚರಿಕೆ. ಇವು ಕಾಳಿನ ಸಿಪ್ಪೆ ಬಿಡಿಸಿ ತಿಂದು ಸಿಪ್ಪೆಯನ್ನು ಅದೇ ಬಟ್ಟಲಲ್ಲಿ ಬಿಡುತ್ತವೆ. ದೂರದಿಂದ ನೋಡಿದರೆ ಬಟ್ಟಲು ತುಂಬಿದೆ ಅನ್ನಿಸುತ್ತದೆ. ಬರೀ ಹೊಟ್ಟು. ದಿನಾ ಒಂದು ಸಲ ಊದಿ ನೋಡಿ. ಸೆಟ್ಟಿನ ಬಟ್ಟಲು ಕಿರಿದಾಗಿ ಆಳವಾಗಿರುವುದರಿಂದ ಈ ಮೋಸ ಇನ್ನೂ ಜಾಸ್ತಿ. ಅಗಲ ಬಾಯಿಯ ಸ್ಟೀಲ್ ಬಟ್ಟಲು ಹಾಕಿಕೊಳ್ಳಿ.

ಜೋಳದ ಮಾತು ಬಿಡುವಂತಿಲ್ಲ. ಕಾಡಿನ ಕಾಕಟೀಲ್‌ಗಳು ಆಸ್ಟ್ರೇಲಿಯಾದ ಒಣ ಒಳನಾಡಿನವು, ನೀರು ಕಾಳು ಇರುವಲ್ಲಿಗೆ ಹಿಂಡು ಹಿಂಡಾಗಿ ಅಲೆಯುತ್ತವೆ. ಅಲ್ಲಿನ ರೈತರು ಜೋಳ, ಸೂರ್ಯಕಾಂತಿ ಬೆಳೆದರೆ ಇವು ದಾಳಿ ಇಡುತ್ತವೆ, ಹಾಲುಗಾಳು ಅಂದರೆ ಪ್ರಾಣ. ಇದು ಗೊತ್ತಾದ ಮೇಲೆ ಅತ್ತೆಗೆ ಸಾಹೇಬನ ಮೇಲೆ ನೆಂಟಸ್ತಿಕೆ ಬೆಳೆಯಿತು. ಚಳಿಗಾಲದಲ್ಲಿ ಸೀತನಿ, ಅಂದರೆ ಎಳೆ ಜೋಳದ ತೆನೆ ಬಂದಾಗ ಸುಡುವ ಮುಂಚೆ ಒಂದು ಹಸಿ ತೆನೆ ತೆಗೆದಿಟ್ಟರು. ಪಂಜರಕ್ಕೆ ಕಟ್ಟಿದರು. ಅವನು ತೆನೆಯನ್ನು ತಬ್ಬಿಕೊಂಡು, ತಲೆಕೆಳಗಾಗಿ ಜೋತು, ಒಂದು ಕಾಳು ಬಿಡದೆ ಹಾಲು ಹೀರಿದ. ಕೊಕ್ಕಿನ ಸುತ್ತ ಹಸಿರು ಮೀಸೆ. “ನಮ್ಮ ಕಡಿ ಮನಿಷ್ಯಾನ ಅದಾರ ಬಿಡು” ಅಂದರು ಅತ್ತೆ.

ಉಳಿದ ಕಾಲಕ್ಕೆ ರೊಟ್ಟಿ ಇದೆ. ಹಿಂಡಿನ ಹಕ್ಕಿ ಆದ್ದರಿಂದ ಉಳಿದವರು ತಿನ್ನುವಾಗಲೇ ಇವಕ್ಕೂ ಹಸಿವು. ಖಡಕ್ ರೊಟ್ಟಿ ಮುರಿಯುವ ಸದ್ದು ಎರಡು ಕೋಣೆ ಆಚೆಯಿಂದ ಕೇಳಿದರೂ ಜುಟ್ಟು ನಿಲ್ಲುತ್ತದೆ, ಕೂಗು ಶುರುವಾಗುತ್ತದೆ. ಎಣ್ಣೆ ಉಪ್ಪು ಇಲ್ಲದ ಒಣ ಜೋಳದ ರೊಟ್ಟಿಯ ಒಂದು ಚೂರಿಗೆ ತೂತು ಮಾಡಿ ದಾರದಲ್ಲಿ ಕಟ್ಟಿ ನೇತುಹಾಕುತ್ತೇನೆ. ಕಡಿಯಲು ಗಟ್ಟಿ, ತಿಂದರೂ ಚಿಂತೆ ಇಲ್ಲ. ಅಂಗಡಿಯ ಬಣ್ಣದ ಮರದ ಆಟಿಕೆಗೆ 250, ಇದಕ್ಕೆ ಏನೂ ಇಲ್ಲ. ಮೆಂತ್ಯ ಸೊಪ್ಪು, ಹಕ್ಕರಕಿ, ತುರಿದ ಗಜ್ಜರಿಯೂ ನಡೆಯುತ್ತದೆ. ಚಾಕೊಲೇಟ್, ಬೆಣ್ಣೆಹಣ್ಣು ಕೂಡದು, ಅವು ವಿಷ. ಉಳ್ಳಾಗಡ್ಡಿಯೂ ಬೇಡ. ಸುಣ್ಣದಂಶಕ್ಕೆ ಕಟಲ್‌ಬೋನ್ ಅಂತ ಬಿಳಿ ಬಿಲ್ಲೆ ಸಿಗುತ್ತದೆ, ಅದನ್ನು ಮಾತ್ರ ಅಂಗಡಿಯಿಂದ ತನ್ನಿ, ಅಗ್ಗವೇ.

ಸ್ನಾನದ ಡಬ್ಬಿಗೆ ಅವನು ಕಾಲೇ ಇಡಲಿಲ್ಲ. ಪ್ಲಾಸ್ಟಿಕ್ ಮನೆಯ ಆಕಾರದ್ದು. ಅದನ್ನು ಪಂಜರಕ್ಕೆ ಸಿಕ್ಕಿಸಿದಷ್ಟು ಹೊತ್ತೂ ಬುಸ್. ನನ್ನ ಇಸ್ತ್ರಿ ಸ್ಪ್ರೇ ಬಾಟಲಿ ನೋಡಿದರೆ ಮಾತ್ರ ರೆಕ್ಕೆ ಎರಡೂ ಅಗಲಿಸಿ ಬಾವಲಿಯಾಗಿ ಜೋತಾಡುತ್ತಾನೆ. ಮೇಲಿನಿಂದ ತುಂತುರು ಬೀಳಬೇಕು, ಅದು ಮಳೆ ಅನ್ನಿಸಬೇಕು. ಸ್ನಾನ ಇವರಿಗೆ ಶೋಕಿ ಅಲ್ಲ, ನಮಗೆ ಅವಶ್ಯಕತೆ. ಕಾಕಟೂ ಅನ್ನುವ ಜುಟ್ಟಿನ ಗಿಣಿಗಳ ಜಾತಿಯಲ್ಲಿ ಇದೇ ಎಲ್ಲಕ್ಕಿಂತ ಚಿಕ್ಕದು, ಆ ಮನೆತನದ ಎಲ್ಲರಿಗೂ ಮೈಯಿಂದ ಬಿಳಿ ಪುಡಿ ಉದುರುತ್ತದೆ. ಕೆಲವು ಪುಕ್ಕಗಳೇ ಪುಡಿಯಾಗಿ ಉಳಿದವಕ್ಕೆ ಲೇಪವಾಗುತ್ತವೆ. ಕಪ್ಪು ವೆಲ್ವೆಟ್ ಬ್ಲೌಸ್ ಪೀಸ್ ಟೇಬಲ್ ಮೇಲೆ ಹಾಸಿದಾಗ ಸಾಹೇಬ ಒಂದು ಸಲ ಮೈ ಕೊಡವಿದರೆ ಸಾಕು. ಮನೆಯಲ್ಲಿ ದಮ್ಮು ಇರುವವರಿದ್ದರೆ ಈ ಹಕ್ಕಿ ತರುವ ಮುಂಚೆ ಎರಡು ಸಲ ಯೋಚಿಸಿ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಇಸ್ತ್ರಿ ಅಂದಾಗ ನೆನಪಾಯಿತು. ನಾನ್‌ಸ್ಟಿಕ್ ತವೆ ಒಣಗಿ ಕಾಯ್ದರೆ ಬರುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಅದೇ ಲೇಪನ ಕೆಲವು ಇಸ್ತ್ರಿ ಪೆಟ್ಟಿಗೆಗಳ ಅಡಿಗೂ ಇರುತ್ತದೆ. ನಾನು ಇಸ್ತ್ರಿಯನ್ನು ಹಿಂದಿನ ಕೋಣೆಗೆ ಸಾಗಿಸಿದ್ದೇನೆ. ದೋಸೆಗೆ ನಮ್ಮಲ್ಲಿ ಮೊದಲಿಂದಲೂ ಬೀಡಿನ ಹಂಚೇ.

ಕಪ್ಪು ಹೊದಿಕೆ ಕೆಟ್ಟ ಹೊಲಿಗೆ. ನೋಡಿ ನನಗೇ ನಾಚಿಕೆಯಾಯಿತು. ಅಂಚು ಮಡಚಿಲ್ಲ, ದಾರ ಜೋತಾಡುತ್ತದೆ, ಉಗುರು ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ದೋಷ, ಅದು ನಾಲ್ಕೂ ಕಡೆ ಕತ್ತಲು ಮಾಡುತ್ತದೆ. ಕಾಕಟೀಲ್‌ಗಳಿಗೆ ರಾತ್ರಿ ಬೆಚ್ಚುವ ಖಾಯಿಲೆ ಇದೆ. ಹಲ್ಲಿ ಲೊಚಗುಟ್ಟಿದರೂ, ಹೊರಗೆ ಲಾರಿ ಗುಡುಗಿದರೂ ಎದ್ದು ಕತ್ತಲಲ್ಲಿ ಪಂಜರದ ತುಂಬ ಬಡಿದಾಡುತ್ತವೆ. ರೆಕ್ಕೆಯ ಎಳೆ ಪುಕ್ಕ ಮುರಿದು ರಕ್ತ ಬರುತ್ತದೆ. ಒಂದು ರಾತ್ರಿ ಕರೆಂಟ್ ಹೋದಾಗ ನಮ್ಮಲ್ಲೂ ಆಯಿತು. ದೀಪ ಹಚ್ಚಿ ಮೆಲ್ಲಗೆ ಮಾತಾಡಿಸಿದ ಮೇಲೆ ಶಾಂತವಾದ. ಈಗ ಉಳಿದ ಹತ್ತಿಯ ಖಣದ ತುಂಡು ಸೇರಿಸಿ ಮೂರು ಕಡೆಗೆ ಹೊದಿಕೆ ಹೊಲಿದಿದ್ದೇನೆ. ಮುಂದಿನ ಬದಿ ತೆರೆದಿರುತ್ತದೆ, ಇನ್ವರ್ಟರ್ ಮೇಲೆ ಒಂದು ಸಣ್ಣ ದೀಪ ಉರಿಯುತ್ತದೆ.

ಸ್ಟ್ಯಾಂಡ್‌ಗೆ 900 ಕೊಡುವಾಗ ಹೊಟ್ಟೆ ಉರಿದಿತ್ತು. ಈಗ ಹೇಳುತ್ತೇನೆ, ಸೆಟ್ಟಿಗಿಂತ ಮೊದಲು ಸ್ಟ್ಯಾಂಡ್ ತಗೊಳ್ಳಿ. ಹಿಂಡಿನವರು ಕಣ್ಣಿಗೆ ಬೀಳದಿದ್ದರೆ ಕೂಗಿ ಕರೆಯುವುದು ಈ ಹಕ್ಕಿಯ ಸ್ವಭಾವ. ನಾನು ಒಳಗೆ ಹೋದರೆ ಸಾಕು, ಓಣಿಗೆ ಕೇಳುವ ಕೂಗು. ಹಟ ಅಂತ ಬೈದರೆ ನಿಲ್ಲದು. ‘ಇದ್ದೀನಿ’ ಅಂತ ಉತ್ತರ ಬೇಕು ಅಷ್ಟೇ. ಒಳಗಿಂದಲೇ ಎರಡು ಸಲ ಸೀಟಿ ಹೊಡೆದರೆ ಅವನೂ ಎರಡು ಹೊಡೆದು ಕಾಳು ತಿನ್ನಲು ಹೋಗುತ್ತಾನೆ. ಸೀಟಿ ಬರದ ಅತ್ತೆ “ಅದೀನ್ರೆಪಾ ಸಾಹೇಬ್ರ” ಅಂತಾರೆ, ಅದೂ ನಡೆಯುತ್ತದೆ. ಚಕ್ರ ಇದ್ದರೆ ಪಂಜರವನ್ನೇ ನಾವಿರುವ ಕಡೆ ತಳ್ಳಿಕೊಂಡು ಹೋಗಬಹುದು. ಒಂದು ಚಕ್ರದ ಬ್ರೇಕು ಬಂದ ದಿನದಿಂದಲೂ ಹಿಡಿಯುವುದಿಲ್ಲ, ಮರದ ಚಕ್ಕೆ ಒತ್ತಿದ್ದೇನೆ.

ಸೀಟಿಯ ಪ್ರತಾಪ ಒಂದು ಹೇಳಲೇಬೇಕು. ನಮ್ಮ ಓಣಿಗೆ ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದೆ. ಸಾಹೇಬ ಅದರ ಮೊದಲ ಸಾಲು ಕಲಿತ. ಎರಡನೇ ಸಾಲಿಗೆ ಹೋಗುವುದಿಲ್ಲ, ಅದೇ ಸಾಲು, ಅದೇ ಕಡೆ ತಪ್ಪು. ಮಧ್ಯಾಹ್ನ ಮೂರಕ್ಕೆ ಶುರು ಮಾಡಿದರೆ ಮೇಲಿನ ಮನೆಯ ಅಜ್ಜ ಬಕೆಟ್ ಹಿಡಿದು ಮೆಟ್ಟಿಲಿಳಿದು ಬರುತ್ತಾರೆ. “ಗಾಡಿ ಬಂತೇನವಾ?” “ಇಲ್ರೀ ಅಜ್ಜಾರ, ಸಾಹೇಬ್ರು.” ಅವರು ಬಕೆಟ್ ಅಲ್ಲೇ ಇಟ್ಟು ಒಂದಿಷ್ಟು ಹೊತ್ತು ಕೂತು, ಹಾಡು ತಿದ್ದಲು ನೋಡಿ, ಸೋತು ಹೋಗುತ್ತಾರೆ.

ಕಾಲ್ಬೆರಳಿನ ಹುಚ್ಚು ಇನ್ನೊಂದು. ಯಾಕೋ ಏನೋ, ಕಾಕಟೀಲ್ ಸಾಕಿದವರೆಲ್ಲಾ ಇದನ್ನು ಹೇಳುತ್ತಾರೆ. ಬರಿಗಾಲು ಕಂಡರೆ ನೆಲಕ್ಕಿಳಿದು, ಬೆರಳುಗಳ ಮುಂದೆ ನಿಂತು, ರೆಕ್ಕೆಗಳನ್ನು ಬೆನ್ನ ಹಿಂದೆ ಸ್ವಲ್ಪ ಎತ್ತಿ ಹಾಡುತ್ತಾನೆ. ಅತ್ತೆಯ ಕಾಲುಂಗುರ ಅಂದರೆ ವಿಶೇಷ ಕಛೇರಿ, ಬೆಳ್ಳಿಯಲ್ಲಿ ಮುಖ ಬೇರೆ ಕಾಣುತ್ತದಲ್ಲ. ತುಳಿಯುವ ಮಷಿನ್ ಇರುವ ಮನೆಯಲ್ಲಿ ಇದು ಅಪಾಯ. ಅವನು ಹೊರಗಿರುವಾಗ ನಾನು ಕೈಹೊಲಿಗೆ ಮಾತ್ರ ಮಾಡುತ್ತೇನೆ.

ಸೆಟ್ಟಿನ ಹೊರಗೆ ಅಂಗಡಿಯವನು ಒತ್ತಾಯದಿಂದ ಮಾರುವ ಇನ್ನೊಂದು ವಸ್ತು ಮರದ ಗೂಡು, 350 ರೂಪಾಯಿ. ‘ಮಲಗಾಕ ಬೆಚ್ಚಗ ಇರ್ತದ’ ಅನ್ನುತ್ತಾನೆ. ಮರಿ ಮಾಡಿಸುವ ಆಸೆ ಇಲ್ಲದಿದ್ದರೆ ತರಬೇಡಿ. ಇವು ಗೂಡಿನಲ್ಲಿ ಮಲಗುವ ಹಕ್ಕಿ ಅಲ್ಲ. ಕಾಡಿನಲ್ಲಿ ಮಳೆ ಬಿದ್ದು ಹುಲ್ಲು ಕಾಳು ಕಟ್ಟಿದಾಗ ಮರದ ಪೊಟರೆ ಹುಡುಕಿ ಮೊಟ್ಟೆ ಇಡುತ್ತವೆ. ಕತ್ತಲ ಸಂದಿ ಕಂಡರೆ ಮೈಯಲ್ಲಿ ಅದೇ ಬುದ್ಧಿ ಏಳುತ್ತದೆ. ಹೆಣ್ಣಾದರೆ ಗಂಡಿಲ್ಲದೆಯೂ ಮೊಟ್ಟೆ ಇಟ್ಟು ಇಟ್ಟು ಸೊರಗುತ್ತದೆ. ನಮ್ಮ ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಗೂಡಿಲ್ಲದೆಯೇ ಸಾಹೇಬನ ತಲೆ ಕೆಡುತ್ತದೆ. ಮಷಿನ್ ಡ್ರಾಯರಿನೊಳಗೆ ಹೊಕ್ಕು ಗುಂಡಿಗಳ ಮೇಲೆ ಕೂತು ಯಾರನ್ನೂ ಹತ್ತಿರ ಬಿಡುವುದಿಲ್ಲ. ಈ ಜಾತಿಯಲ್ಲಿ ಗಂಡೂ ಕಾವಿಗೆ ಕೂರುತ್ತದೆ, ಹೆಚ್ಚಾಗಿ ಹಗಲು ಪಾಳಿ ಗಂಡಿನದು, ರಾತ್ರಿ ಹೆಣ್ಣಿನದು. ನಾನು ಇದನ್ನು ಹೇಳಿದಾಗ ಅತ್ತೆ ತಮ್ಮ ಮಗನ ಕಡೆ ತಿರುಗಿ “ಕೇಳಿದೇನೋ?” ಅಂದರು. ನಮ್ಮವರು ಪೇಪರ್ ಮೇಲಕ್ಕೆತ್ತಿ ಹಿಡಿದರು.

ಅಂಕ ಕೊಡುವುದಾದರೆ ಐದಕ್ಕೆ ಪಂಜರಕ್ಕೆ ನಾಲ್ಕು. ಚಿಲಕ ಇದ್ದಿದ್ದರೆ ಪೂರ್ತಿ. ಸ್ಟ್ಯಾಂಡ್‌ಗೆ ನಾಲ್ಕು. ಸಾಮಾನಿಗೆ ಉಯ್ಯಾಲೆ ಇದೆ ಅಂತ ಒಂದು. ಖರೀದಿಸುವಾಗ ಅಂಗಡಿಯವನಿಗೆ ಪಂಜರ, ಸ್ಟ್ಯಾಂಡ್ ಎರಡೇ ಸಾಕು ಅಂತ ಹೇಳಿ. “ಸೆಟ್ ಒಡೆಯಾಕ ಬರಂಗಿಲ್ರೀ” ಅನ್ನುತ್ತಾನೆ. ಸ್ವಲ್ಪ ಹೊತ್ತು ಸುಮ್ನೆ ನಿಂತರೆ ಒಡೆಯುತ್ತಾನೆ, 500 ಕಡಿಮೆ ಮಾಡುತ್ತಾನೆ. ಒಳ್ಳೆಯ ಮನುಷ್ಯ, ಜಗಳ ಆಡುವುದಿಲ್ಲ. ಚಕ್ರದ ಬ್ರೇಕನ್ನು ಅಲ್ಲೇ ನಿಂತು ಒತ್ತಿ ನೋಡಿ. ವಾಪಸ್ ತಗೊಳ್ಳುವ ಪದ್ಧತಿ ಅಲ್ಲಿ ಇಲ್ಲ.

ಮೊನ್ನೆ ಕಟಲ್‌ಬೋನ್ ತರಲು ಹೋದಾಗ ನೋಡುತ್ತೇನೆ, ಬಾಗಿಲಿನ ಪಕ್ಕದಲ್ಲಿ ಪೇರಲ ಕೊಂಬೆಗಳ ಕಟ್ಟು ನೇತಾಡುತ್ತಿದೆ. ನಾನೇ ಹಿಂದೊಮ್ಮೆ ಹೇಳಿದ್ದೆ. ಒಂದಕ್ಕೆ 180 ರೂಪಾಯಿ. “ಇದೇನಪಾ, ನನ್ನ ಪಾಲೆಲ್ಲಿ?” ಅಂದೆ. ಕಟಲ್‌ಬೋನ್‌ಗೆ ದುಡ್ಡು ತಗೊಳ್ಳಲಿಲ್ಲ.